ಕಂಸಾಳೆಯ ಪೆಟ್ಟು ಬಿದ್ದದ್ದು ಯಾವಾಗ?

ಹೂಗ್ಯಂ ಎಂಬ ಹೆಸರನ್ನು ನಮ್ಮ ನಗರಗಳ ಬಹುಮಂದಿ ಓದುಗರು ಮೊತ್ತಮೊದಲು ಕಂಡದ್ದು 2025ರ ಜೂನ್ ತಿಂಗಳ ವೃತ್ತಪತ್ರಿಕೆಗಳಲ್ಲಿ ಇರಬೇಕು. ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷಕ್ಕೆ ಬಲಿಯಾದ ದಾರುಣ ಸುದ್ದಿ ಅದು. ಒಂದು ಊರು ಇಂಥ ಸುದ್ದಿಯಿಂದಲೇ ಪರಿಚಿತವಾಗಬೇಕಾದುದು ದುರದೃಷ್ಟ. ಮೊದಲು ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು ಈಗ ಹನೂರು ತಾಲ್ಲೂಕಿನಲ್ಲಿರುವ ಈ ಊರು ಕಾಡಿನ ಅಂಚಿನದು, ತಮಿಳುನಾಡಿನ ಗಡಿಗೆ ಸಮೀಪದ್ದು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಸೀಮೆಯೆಲ್ಲ ಮದರಾಸಿನ ಆಡಳಿತಕ್ಕೊಳಪಟ್ಟ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಹೂಗ್ಯಂ, ಮಿಣ್ಯಂ ಎಂಬ ಅನುಸ್ವಾರದಲ್ಲಿ ಮುಗಿಯುವ ಹೆಸರುಗಳನ್ನು ಕೇಳಿದಾಗಲೇ ಎರಡು ನುಡಿಗಳ ನೆರಳು ಕೂಡಿದ ನೆಲವಿದು ಎಂದು ಕಿವಿಗೆ ಹೊಳೆಯುವುದುಂಟು.

ಈ ಮಲೆಗಳಿಗೆಲ್ಲ ಒಡೆಯ ಮಹದೇಶ್ವರ. ಆತನ ಹೆಸರಿನಲ್ಲಿ ದೀಕ್ಷೆ ಪಡೆದ ದೇವರಗುಡ್ಡರು 'ಎಪ್ಪತ್ತೇಳು ಮಲೆ'ಯ ಆ ಮಾದಪ್ಪನ ಕಥೆಯನ್ನು ತಲೆಮಾರುಗಳಿಂದ ಊರೂರಲ್ಲಿ ಹಾಡುತ್ತ ಬಂದವರು. ಮುಖ್ಯ ಗಾಯಕ ಕಥೆಯನ್ನು ನಡೆಸುತ್ತಾನೆ. ಹಿಮ್ಮೇಳದವರು ಸೊಲ್ಲನ್ನು ಎತ್ತಿ ಹಿಡಿಯುತ್ತಾರೆ. ದಮ್ಮಡಿಯೂ ಏಕತಾರಿಯೂ ಜೊತೆಗೂಡುವುದುಂಟು. ಆದರೆ ಆ ಹಾಡಿಕೆಯ ಜೀವ ಇರುವುದು ಕಂಸಾಳೆಯಲ್ಲಿ. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ; ಬಲಗೈಯಲ್ಲಿ ಗೊಂಡೆಯ ದಾರ ಕಟ್ಟಿದ ಚಪ್ಪಟೆ ತಾಳ. ಎರಡೂ ಕೂಡಿದ ಕ್ಷಣದಲ್ಲಿ ಹೊಮ್ಮುವ ನಾದವನ್ನು ಒಮ್ಮೆ ಹತ್ತಿರದಿಂದ ಕೇಳಿದವರು ಮರೆಯಲಾರರು.

ಈ ಕಾವ್ಯವನ್ನು ಪಿ. ಕೆ. ರಾಜಶೇಖರರು 1973ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಹೆಬ್ಬಣಿ ಮಾದಯ್ಯನವರೂ ಅವರ ಸಂಗಡಿಗರೂ ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದರು ಸಂಪಾದಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಕನ್ನಡದ ಅಧ್ಯಾಪಕನಾದ ನನಗೆ ಇವೆಲ್ಲ ಪೂಜ್ಯವಾದ ಕೆಲಸಗಳು. ಆದರೂ ಅಕ್ಷರಕ್ಕೆ ಇಳಿದದ್ದು ಮಾತು ಮಾತ್ರ. ಪೆಟ್ಟು ಅಕ್ಷರಕ್ಕೆ ಇಳಿಯುವುದಿಲ್ಲ. ಗಾಯಕನ ಉಸಿರಿಗೂ ಕಂಸಾಳೆಯ ಪೆಟ್ಟಿಗೂ ನಡುವೆ ಎಷ್ಟು ಅಂತರವಿತ್ತು, ಸೊಲ್ಲು ಎತ್ತುವವರು ಎಷ್ಟು ಮುಂಚೆ ನುಗ್ಗಿದರು ಎಂಬುದನ್ನು ತಿಳಿಸಬಲ್ಲುದು ಧ್ವನಿಮುದ್ರಿಕೆಯೊಂದೇ. ಆ ಧ್ವನಿಮುದ್ರಿಕೆಯನ್ನು ಸದುದ್ದೇಶದಿಂದಲೇ 'ಚೆಂದ' ಮಾಡಲು ಹೊರಟವರು ಅದರ ಕಾಲದ ಲೆಕ್ಕವನ್ನು ಹೇಗೆ ಕಲಕಿಬಿಡಬಹುದು, ಹಾಗೆ ಆಗದಂತೆ ಏನು ಮಾಡಬೇಕು ಎಂಬುದೇ ಈ ಲೇಖನದ ವಿಷಯ. ವಿಷಯ ಎಂಜಿನಿಯರರದು ನಿಜ. ಆದರೆ ಇಂದು ಪ್ರತಿಯೊಂದು ಮನೆಯ ಮೊಬೈಲಿನಲ್ಲಿಯೂ ದನಿಯನ್ನು ತಿದ್ದುವ ಉಪಕರಣ ಇರುವಾಗ ಅದು ಎಂಜಿನಿಯರರ ಸೊತ್ತಾಗಿಯೇ ಉಳಿದಿಲ್ಲ.

ಈಕ್ವಲೈಸರ್ ಎಂಬ ಸಲಕರಣೆ

ರೇಡಿಯೋ ಪೆಟ್ಟಿಗೆಯಲ್ಲಿ 'ಬಾಸ್', 'ಟ್ರೆಬಲ್' ಎಂಬ ಎರಡು ಗುಂಡಿಗಳಿದ್ದುದು ಹಿರಿಯರಿಗೆ ನೆನಪಿರಬಹುದು. ಒಂದು ಮಂದ್ರದ ದನಿಯನ್ನೂ ಇನ್ನೊಂದು ತಾರದ ದನಿಯನ್ನೂ ಹೆಚ್ಚುಕಡಮೆ ಮಾಡುತ್ತಿದ್ದವು. ಈಕ್ವಲೈಸರ್ ಅವುಗಳದೇ ವಿಸ್ತೃತ ರೂಪ. ಹೆಸರು ಟೆಲಿಫೋನಿನ ಕಾಲದ್ದು. ಉದ್ದನೆಯ ತಂತಿಯಲ್ಲಿ ಮಾತು ಸಾಗುವಾಗ ತಾರದ ಕಂಪನಗಳು ಹೆಚ್ಚಾಗಿ ಸವೆದುಹೋಗುತ್ತಿದ್ದವು. ಸವೆದುದನ್ನು ತುಂಬಿ ಎಲ್ಲವನ್ನೂ ಸಮ ಮಾಡುವ ಮಂಡಲಕ್ಕೆ ಈ ಹೆಸರು ಬಂದಿತು. ಇಂದು ಅದೇ ಕೆಲಸವನ್ನು ಗಣಕದೊಳಗಿನ ಅಂಕಗಣಿತ ಮಾಡುತ್ತದೆ.

ಆ ಅಂಕಗಣಿತ ಬಹಳ ಸರಳ. ಮೈಕಿಗೆ ಬಂದ ಧ್ವನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದು ಸಂಖ್ಯೆಗಳ ಸಾಲಾಗಿ ಬರೆದಿಡುತ್ತಾರೆ, ಸಿ.ಡಿ.ಗಳಲ್ಲಿ ಇದು 44,100 ಬಾರಿ. ಈ ಸಾಲಿನ ಒಂದೊಂದು ಸಂಖ್ಯೆಯೊಡನೆಯೂ ಅದಕ್ಕೆ ಹಿಂದಿನ ಕೆಲವು ಸಂಖ್ಯೆಗಳನ್ನು ಇಷ್ಟಿಷ್ಟು ಪಾಲಿನಲ್ಲಿ ಕೂಡಿಸಿದರೆ ಅಥವಾ ಕಳೆದರೆ, ಕೆಲವು ಕಂಪನಗಳು ಬಲಗೊಳ್ಳುತ್ತವೆ, ಕೆಲವು ಕುಗ್ಗುತ್ತವೆ. ಅಷ್ಟೇ ಇದರ ಗುಟ್ಟು. ಓದುಗರು ಇಲ್ಲಿ ಒಂದು ಮಾತನ್ನು ಗಮನಿಸಬೇಕು: ಕೂಡಿಸಿದ್ದು ಹಿಂದಿನ ಸಂಖ್ಯೆಗಳನ್ನು. ಎಂದರೆ, ಈಗಿನ ಕ್ಷಣದೊಳಕ್ಕೆ ಕಳೆದ ಕ್ಷಣವನ್ನು ಬೆರೆಸಿದೆವು. ದನಿಯ ಬಣ್ಣವನ್ನು ಬದಲಿಸಬೇಕೆಂದರೆ ಅದರ ಕಾಲವನ್ನು ಮುಟ್ಟದೆ ವಿಧಿಯಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ಹೆಂಡ್ರಿಕ್ ಬೋಡೆ ಎಂಬ ವಿದ್ವಾಂಸನು 1945ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕಟ್ಟಳೆಯನ್ನು ಗಣಿತದ ಭಾಷೆಯಲ್ಲಿ ವಿಶದಪಡಿಸಿದನು: ಸಾಮಾನ್ಯ ಮಂಡಲಗಳಲ್ಲಿ ಯಾವ ಕಂಪನವನ್ನು ಎಷ್ಟು ಏರಿಳಿಸಿದೆವೆಂಬುದು ಗೊತ್ತಾದರೆ, ಕಾಲದಲ್ಲಿ ಯಾವುದು ಎಷ್ಟು ಸರಿಯಿತೆಂಬುದೂ ಗೊತ್ತಾದಂತೆಯೇ.

ಈ ಸರಿತಕ್ಕೆ ಸ್ಟುಡಿಯೋಗಳಲ್ಲಿ 'ಫೇಸ್ ಶಿಫ್ಟ್' ಎನ್ನುತ್ತಾರೆ. ನಮ್ಮ ಭೌತವಿಜ್ಞಾನದ ಪುಸ್ತಕಗಳು ಫೇಸ್ ಎಂಬುದಕ್ಕೆ 'ಪ್ರಾವಸ್ಥೆ' ಎಂಬ ಪದವನ್ನು ಕೊಟ್ಟಿವೆ. ಚಂದ್ರನ ಹೆಚ್ಚುಕಡಮೆಗೆ ಅದೇ ಇಂಗ್ಲಿಷ್ ಪದವನ್ನು ಬಳಸುವಲ್ಲಿ ನಮ್ಮವರು 'ಕಲೆ' ಎಂಬ ಸೊಗಸಾದ ಮಾತನ್ನು ಇಟ್ಟುಕೊಂಡಿದ್ದಾರೆ. ಧ್ವನಿಗೂ ಅದನ್ನೇ ಕೊಡಬಾರದಿತ್ತೇ ಎಂದು ನನಗೆ ಆಸೆ. ಆದರೆ ಬಳಕೆಯೆದುರಿಗೆ ಪಂಡಿತರ ಆಸೆ ನಡೆಯುವುದಿಲ್ಲವಾದುದರಿಂದ ಇಲ್ಲಿ 'ಫೇಸ್' ಎಂದೇ ಬರೆಯುತ್ತೇನೆ. ಒಂದು ಅಲೆ ಏರಿ, ಇಳಿದು, ಮತ್ತೆ ಮೊದಲ ನೆಲೆಗೆ ಬರುವುದನ್ನು ಒಂದು ಸುತ್ತು ಎಂದು ಭಾವಿಸಿ 360 ಡಿಗ್ರಿಗಳಾಗಿ ಹಂಚುತ್ತಾರೆ. 180 ಡಿಗ್ರಿ ಸರಿದ ಅಲೆ ಮೂಲದ ಅಲೆ ಏರುವಾಗ ಇಳಿಯುತ್ತದೆ, ಇಳಿಯುವಾಗ ಏರುತ್ತದೆ.

ಕೋಲಾಟವನ್ನು ನೆನೆದರೆ ಇದು ಇನ್ನೂ ತಿಳಿಯಾಗುತ್ತದೆ. ಆಡುವವರೆಲ್ಲರೂ ಅರ್ಧ ಮಾತ್ರೆ ತಡವಾಗಿ ಪ್ರಾರಂಭಿಸಿದರೆ ಆಟಕ್ಕೆ ಯಾವ ಕೇಡೂ ಇಲ್ಲ. ಕೋಲಿಗೆ ಕೋಲು ಕೂಡುತ್ತದೆ. ಎಂಟು ಮಂದಿಯಲ್ಲಿ ಇಬ್ಬರು ಮಾತ್ರ ತಡವಾದರೆ ಅವರ ಜೊತೆಯವರ ಕೋಲು ಬರಿಯ ಗಾಳಿಯನ್ನು ಹೊಡೆಯುತ್ತದೆ. ಧ್ವನಿಯಲ್ಲಿಯೂ ಹಾಗೆಯೇ. ಎಲ್ಲ ಕಂಪನಗಳೂ ಒಂದೇ ಪ್ರಮಾಣದಲ್ಲಿ ತಡವಾದರೆ ಅದು ಬರಿಯ ವಿಳಂಬ. ಕಿವಿಗೆ ಅದರ ಪರಿವೆಯೇ ಇರುವುದಿಲ್ಲ. ಬೇರೆ ಬೇರೆ ಕಂಪನಗಳು ಬೇರೆ ಬೇರೆ ಪ್ರಮಾಣದಲ್ಲಿ ಸರಿದಾಗಲೇ ತೊಡಕು.

ಎರಡು ಮೈಕುಗಳ ಜಗಳ

ಈ ತೊಡಕನ್ನು ಮನೆಯಲ್ಲಿಯೇ ಕೇಳಿ ನೋಡಬಹುದು. ಬಿಡಿ ತಂತಿಗಳ ಎರಡು ಸ್ಪೀಕರುಗಳಿರುವ ಹಳೆಯ ಸ್ಟೀರಿಯೋ ಇದ್ದವರು, ಅದನ್ನು ಆರಿಸಿ, ಒಂದು ಸ್ಪೀಕರಿನ ಕೆಂಪು ಕಪ್ಪು ತಂತಿಗಳನ್ನು ಮಾತ್ರ ಅದಲುಬದಲು ಮಾಡಿ ಮತ್ತೆ ಹಾಡು ಹಾಕಲಿ. ಎರಡೂ ಸ್ಪೀಕರುಗಳು ಮೊದಲಿನಷ್ಟೇ ಬಲವಾಗಿ ನುಡಿಯುತ್ತಿರುತ್ತವೆ. ಆದರೆ ಮಂದ್ರದ ದನಿ ಮಾಯವಾಗಿ ಸಂಗೀತ ಸಪ್ಪೆಯಾಗುತ್ತದೆ. ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ. ಗದ್ದಲವನ್ನು ನೀಗುವ ಈಚಿನ ಇಯರ್‌ಫೋನುಗಳು ಕೆಲಸ ಮಾಡುವುದೂ ಇದೇ ತತ್ತ್ವದಿಂದ. ಅಲ್ಲಿ ಬೇಕೆಂದೇ ಮಾಡಿದ್ದು ಇಲ್ಲಿ ಬೇಡದೆ ಆಗುತ್ತದೆ.

ಹೂಗ್ಯಂನ ಒಂದು ಜಗಲಿಯಲ್ಲಿ ಗುಡ್ಡರ ಮೇಳವೊಂದನ್ನು ಮುದ್ರಿಸಲು ಹೊರಟೆವೆಂದು ಊಹಿಸೋಣ. ಒಂದು ಮೈಕನ್ನು ಗಾಯಕರ ಬಾಯಿಯ ಹತ್ತಿರವೂ ಇನ್ನೊಂದನ್ನು ಕಂಸಾಳೆ ದಮ್ಮಡಿಗಳ ಹತ್ತಿರವೂ ಇಟ್ಟೆವು. ಗಾಯಕರ ದನಿ ಎರಡನೆಯ ಮೈಕಿಗೂ ತಲುಪುತ್ತದಷ್ಟೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ಆದುದರಿಂದ ದಾರಿಯಲ್ಲಿ 34 ಸೆಂಟಿಮೀಟರು ಹೆಚ್ಚಾದರೆ ಅದು ಒಂದು ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ಒಂದು ಮಿಲಿಸೆಕೆಂಡು ಎಂದರೆ ಏನು ಮಹಾ ಎನ್ನಬೇಡಿ. ಸೆಕೆಂಡಿಗೆ 500 ಬಾರಿ ಕಂಪಿಸುವ ಅಲೆಗೆ ಅದು ಸರಿಯಾಗಿ ಅರ್ಧ ಸುತ್ತು. ಎರಡೂ ಮೈಕುಗಳ ದನಿಯನ್ನು ಸಮಬಲದಲ್ಲಿ ಕೂಡಿಸಿದರೆ 500ರಲ್ಲಿ ಒಂದು ಗುಳಿ, 1,500ರಲ್ಲಿ ಒಂದು, 2,500ರಲ್ಲಿ ಇನ್ನೊಂದು, ಹೀಗೆ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ಗುಳಿಗಳು ಬೀಳುತ್ತವೆ. ಗಾಯಕನ ಗಂಟಲು ಕೊಳವೆಯೊಳಗಿನಿಂದ ಬಂದಂತೆ ಕೇಳಿಸುತ್ತದೆ.

ಇದು ಬರಿಯ ವಿಳಂಬವಾದುದರಿಂದ ಇದಕ್ಕೆ ಮದ್ದು ಸುಲಭ. ಗಣಕದಲ್ಲಿ ಎರಡನೆಯ ಮೈಕಿನ ಸಾಲನ್ನು 48 ಸಂಖ್ಯೆಗಳಷ್ಟು ಮುಂದಕ್ಕೆ ಎಳೆದರೆ ಗಾಯಕರ ದನಿ ಕೂಡಿಕೊಳ್ಳುತ್ತದೆ. ಅದಕ್ಕಿಂತ ಮೇಲಾದುದು ಮೈಕುಗಳನ್ನೇ ವಿವೇಕದಿಂದ ಇಡುವುದು: ಗಾಯಕನಿಂದ ಮೊದಲ ಮೈಕು ಎಷ್ಟು ದೂರವೋ ಎರಡನೆಯದು ಮೊದಲನೆಯದರಿಂದ ಅದರ ಮೂರು ಪಟ್ಟಾದರೂ ದೂರ ಇರಲಿ ಎಂಬುದು ಕಸುಬಿನವರ ಹಳೆಯ ಸೂತ್ರ. ಆಗ ಎರಡನೆಯ ಮೈಕಿಗೆ ಬೀಳುವ ಗಾಯಕನ ದನಿ ಕ್ಷೀಣವಾಗಿ ಜಗಳಕ್ಕೆ ಬಲ ಸಾಲುವುದಿಲ್ಲ.

ಆದರೆ ಈಕ್ವಲೈಸರ್ ಮಾಡುವ ಜಗಳ ಬೇರೆಯದು. ಕಾಡಂಚಿನಲ್ಲಿ ಗಾಳಿಯ ಮೊರೆತ ಇದ್ದೇ ಇರುತ್ತದೆ. ಅದನ್ನು ತೊಡೆಯಲು ಸೆಕೆಂಡಿಗೆ 100 ಕಂಪನಗಳಿಗಿಂತ ಕೆಳಗಿನದನ್ನು ಕತ್ತರಿಸುವ ಒಂದು ಸಾಧಾರಣ ಶೋಧಕವನ್ನು ಹಾಕಿದೆವೆನ್ನಿ. ಇಂಥ ಶೋಧಕ 100ರ ಕಂಪನವನ್ನು 90 ಡಿಗ್ರಿ ಸರಿಸುತ್ತದೆ. 200ರದನ್ನು ಸುಮಾರು 43 ಡಿಗ್ರಿ. 1,000ದ ಕಂಪನವನ್ನು ಸುಮಾರು 8 ಡಿಗ್ರಿ. ಒಂದೊಂದಕ್ಕೂ ಒಂದೊಂದು ಅಳತೆ. ಸಾಲನ್ನು ಹಿಂದುಮುಂದಕ್ಕೆ ಎಳೆದು ಇದನ್ನು ಸರಿಪಡಿಸಲಾಗದು. 100ಕ್ಕೆ ಹೊಂದುವಂತೆ ಎಳೆದರೆ 1,000 ಕೆಡುತ್ತದೆ.

ಒಂದೇ ಮೈಕಿನ ಮುದ್ರಣವಾಗಿದ್ದರೆ, ಅಥವಾ ಎರಡಕ್ಕೂ ಅದೇ ಶೋಧಕವನ್ನು ಹಾಕಿದ್ದರೆ, ಇದರಿಂದ ಹೆಚ್ಚಿನ ಹಾನಿಯಿಲ್ಲ. ಎಡವಟ್ಟಾಗುವುದು ಒಂದಕ್ಕೆ ಹಾಕಿ ಇನ್ನೊಂದನ್ನು ಬಿಟ್ಟಾಗ. ಅದಕ್ಕಿಂತ ಕಡಿದಾಗಿ ಕತ್ತರಿಸುವ, ಕಸುಬಿನಲ್ಲಿ 'ನಾಲ್ಕನೆಯ ದರ್ಜೆ' ಎನಿಸಿಕೊಳ್ಳುವ ಶೋಧಕ 100ರ ಕಂಪನವನ್ನು ಪೂರಾ 180 ಡಿಗ್ರಿ ತಿರುಗಿಸುತ್ತದೆ. ಲೆಕ್ಕ ನೋಡಿ: ದಮ್ಮಡಿಯ ಗುಮ್ಮೆನ್ನುವ ದನಿ ಎರಡೂ ಮೈಕುಗಳಲ್ಲಿ ಹತ್ತು ಹತ್ತರಂತೆ ಬಂದಿದೆ. ಒಂದಕ್ಕೆ ಮಾತ್ರ ಈ ಶೋಧಕ ಬಿದ್ದು ಅದರ ಹತ್ತು ಏಳಾಯಿತು, ಮೇಲಾಗಿ ತಲೆಕೆಳಗಾಯಿತು. ಕೂಡಿಸಿದಾಗ ಹದಿನೇಳಾಗಲಿಲ್ಲ, ಮೂರಾಯಿತು. ಒಂದೇ ಮೈಕು ಇದ್ದಿದ್ದರೆ ಹತ್ತಾದರೂ ಉಳಿಯುತ್ತಿತ್ತು. ಈಗ ದಮ್ಮಡಿ ಕೇಳಿಸದೆಂದು ಮಂದ್ರದ ಗುಂಡಿಯನ್ನು ಇನ್ನಷ್ಟು ತಿರುಗಿಸಿದರೆ ಅದು ಇನ್ನಷ್ಟು ಫೇಸನ್ನು ಸರಿಸುತ್ತದೆ. ಉಗುರಿನಿಂದ ಕೀಳಬೇಕಾದ ಮುಳ್ಳಿಗೆ ಕೊಡಲಿ ತಂದಂತೆ ಒಂದರ ಮೇಲೊಂದು ತಿದ್ದುಪಡಿಗಳು ಬಂದು ಕೂಡುವುದು ಹೀಗೆ.

ಪೆಟ್ಟಿಗೆ ಮುಂಚೆ ಬರುವ ದನಿ

ಹಾಗಾದರೆ ಫೇಸನ್ನು ಕೆಡಿಸದ ಈಕ್ವಲೈಸರ್ ಇಲ್ಲವೇ? ಉಂಟು. ಅಂಕೀಯ ಯುಗದ ಅಚ್ಚರಿಗಳಲ್ಲಿ ಅದೂ ಒಂದು. ವಿದ್ಯುನ್ಮಂಡಲಕ್ಕೆ ಕಳೆದುಹೋದ ಕ್ಷಣ ಮಾತ್ರ ಗೊತ್ತು. ಮುಂಬರುವ ಕ್ಷಣ ಗೊತ್ತಿಲ್ಲ. ಗಣಕದಲ್ಲಿಯೋ ಇಡೀ ಹಾಡು ಆಗಲೇ ದಾಖಲಾಗಿದೆ. ಆದುದರಿಂದ ಒಂದು ಸಂಖ್ಯೆಗೆ ಅದರ ಹಿಂದಿನ ಎರಡು ಸಾವಿರ ಸಂಖ್ಯೆಗಳನ್ನೂ ಮುಂದಿನ ಎರಡು ಸಾವಿರ ಸಂಖ್ಯೆಗಳನ್ನೂ ಎಡಬಲ ಸಮವಾಗಿ ಬೆರೆಸಬಹುದು. ಹಿಂದಿನದು ಎಷ್ಟು ಎಳೆಯುವುದೋ ಮುಂದಿನದು ಅಷ್ಟೇ ಎಳೆದು, ಸರಿತವೆಲ್ಲ ಪರಿಹಾರವಾಗಿ, ಎಲ್ಲ ಕಂಪನಗಳಿಗೂ ಒಂದೇ ವಿಳಂಬ ಉಳಿಯುತ್ತದೆ. ಇದಕ್ಕೆ 'ಲೀನಿಯರ್ ಫೇಸ್' ಎಂದು ಹೆಸರು. ಕೋಲಾಟದವರೆಲ್ಲರೂ ಒಟ್ಟಿಗೆ ತಡವಾದಂತೆ. ಎಡಬಲಗಳಲ್ಲಿ 2,048ರಂತೆ ಸಂಖ್ಯೆಗಳನ್ನು ತೆಗೆದುಕೊಂಡರೆ, 48,000ದ ಲೆಕ್ಕದಲ್ಲಿ ಈ ವಿಳಂಬ ಸುಮಾರು 43 ಮಿಲಿಸೆಕೆಂಡು. ಜಾತ್ರೆಯ ಧ್ವನಿವರ್ಧಕಕ್ಕೆ ಇದು ಒಗ್ಗದು. ಗಾಯಕನಿಗೆ ತನ್ನ ದನಿ ತನಗೇ ತಡವಾಗಿ ಕೇಳಿಸುತ್ತದೆ. ಸ್ಟುಡಿಯೋದಲ್ಲಿ ಕುಳಿತು ತಿದ್ದುವಾಗ ಇದೊಂದು ಲೆಕ್ಕವೇ ಅಲ್ಲ.

ಇದೇ ಸರ್ವರೋಗಕ್ಕೂ ಮದ್ದೆಂದು ಜಾಹೀರಾತುಗಳು ಹೇಳುವುದುಂಟು. ಕಂಸಾಳೆಯನ್ನು ಕೇಳಿದವರು ಮಾತ್ರ ಒಪ್ಪಲಾರರು. ಯಾವ ಶೋಧಕವೇ ಆಗಲಿ, ಅದಕ್ಕೆ ಒಂದು ಪೆಟ್ಟು ತಗುಲಿದಾಗ ತುಸು ಕಾಲ ಅನುರಣಿಸುತ್ತದೆ. ಸಾಧಾರಣ ಶೋಧಕದಲ್ಲಿ ಈ ಅನುರಣನವೆಲ್ಲ ಪೆಟ್ಟಿನ ನಂತರ ಬರುತ್ತದೆ; ಲೋಕದ ನಿಯಮವೂ ಅದೇ. ಲೀನಿಯರ್ ಫೇಸ್ ಶೋಧಕದಲ್ಲಿ ಎಡಬಲ ಸಮವಾಗಿರುವ ಕಾರಣ ಅದರ ಅರ್ಧ ಪೆಟ್ಟಿಗೆ ಮುಂಚೆಯೇ ಬರುತ್ತದೆ. ತಾಳಗಳು ಇನ್ನೂ ಕೂಡಿಲ್ಲ. ನಾದ ಆಗಲೇ ಹೊರಟಿದೆ! ಕಾರಣಕ್ಕಿಂತ ಮುಂಚೆ ಕಾರ್ಯ. ನ್ಯಾಯಶಾಸ್ತ್ರದ ಪಂಡಿತರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ!

ನಮ್ಮ ಕಿವಿಯೂ ಇದನ್ನು ಸಹಿಸದಂತೆ ನಿರ್ಮಿತವಾಗಿದೆ. ಒಂದು ಜೋರಾದ ಶಬ್ದದ ಬೆನ್ನಿಗೆ ಬರುವ ಸಣ್ಣ ಶಬ್ದಗಳನ್ನು ಕಿವಿ ನೂರು ಮಿಲಿಸೆಕೆಂಡಿಗೂ ಮೀರಿ ಗಮನಿಸದೆ ಬಿಡಬಲ್ಲುದು. ಆ ಶಬ್ದಕ್ಕೆ ಮುಂಚಿನ ಸಣ್ಣ ಶಬ್ದವನ್ನು ಹಾಗೆ ಮರೆಮಾಚುವ ಶಕ್ತಿ ಕೆಲವೇ ಮಿಲಿಸೆಕೆಂಡುಗಳಷ್ಟು. ಪೆಟ್ಟಿನ ಹಿಂದೆ ಅಡಗುವ ದೋಷ ಪೆಟ್ಟಿನ ಮುಂದೆ ಬಯಲಾಗುತ್ತದೆ. ಸಿತಾರಿನ ಆಲಾಪಕ್ಕೋ ಕೊಳಲಿಗೋ ಇದು ಅಷ್ಟಾಗಿ ಬಾಧಕವಲ್ಲ. ಕಂಸಾಳೆಯಂತೆ ಮೌನದಿಂದ ಒಮ್ಮೆಲೇ ಚಿಮ್ಮುವ ದನಿಗೆ ಅದು ಬಾಧಕ. ಪೆಟ್ಟಿನ ಮೊನೆ ಮೊಂಡಾಗುತ್ತದೆ. ಹರಿತವಾದ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿದಂತೆ.

ಹಾಗೆಂದು ಹೆದರಬೇಕಾದುದೂ ಇಲ್ಲ. ಅನುರಣನ ಎಷ್ಟು ದೀರ್ಘವೆಂಬುದು ಶೋಧಕ ಎಷ್ಟು ಇಕ್ಕಟ್ಟು, ಎಷ್ಟು ಕಡಿದು ಎಂಬುದನ್ನು ಹೊಂದಿಕೊಂಡಿದೆ. ವಿಶಾಲವಾದ ಹದವಾದ ಏರಿಳಿತಗಳಿಂದ ಆಗುವ ಅನುರಣನ ಗಣನೆಗೆ ಬಾರದು. ನಮ್ಮ ವಿದ್ಯುತ್ತಿನ 50 ಕಂಪನಗಳ ಗುಂಯ್‌ಗುಟ್ಟುವಿಕೆಯನ್ನು ಮಾತ್ರ ಕೊರೆದು ತೆಗೆಯಲು ಐದೇ ಕಂಪನಗಳಷ್ಟು ಅಗಲದ ಶೋಧಕವನ್ನು ಹಾಕಿದರೆ, ಅದರ ಅನುರಣನ ಸೆಕೆಂಡಿನ ಐದನೆಯ ಒಂದು ಭಾಗದ ಸುಮಾರಿಗೆ ಎಳೆಯುತ್ತದೆ. ಅದು ಪೆಟ್ಟಿನ ಹಿಂದೆ ಬರುವಂತೆ ಸಾಧಾರಣ ಶೋಧಕವನ್ನೇ ಆರಿಸಿಕೊಳ್ಳುವುದು ಮೇಲು.

ಸಾಧಾರಣ ಶೋಧಕಕ್ಕೆ ಇನ್ನೊಂದು ಗುಣವುಂಟು. ಅದನ್ನು ಬಲ್ಲವರು ಕಡಮೆ. ಎಲ್ಲಿಯೋ ಒಂದು ಮೈಕಿನ ಅಥವಾ ಯಂತ್ರದ ಸ್ವಭಾವದಿಂದ 3,000ದ ಸುಮಾರಿನ ಕಂಪನಗಳು ಉಬ್ಬಿವೆ ಎನ್ನಿ. ಆ ಉಬ್ಬು ಹುಟ್ಟಿದಾಗಲೇ ತನ್ನೊಡನೆ ಫೇಸಿನ ಸರಿತವನ್ನೂ ತಂದಿದೆ. ಅಷ್ಟೇ ಅಗಲದ, ಅಷ್ಟೇ ಆಳದ ಗುಳಿಯನ್ನು ಸಾಧಾರಣ ಶೋಧಕದಿಂದ ತೋಡಿದರೆ ಉಬ್ಬೂ ಹೋಗುತ್ತದೆ, ಸರಿತವೂ ಹೋಗುತ್ತದೆ. ಲೀನಿಯರ್ ಫೇಸ್ ಶೋಧಕ ಉಬ್ಬನ್ನು ತೆಗೆದು ಹಳೆಯ ಸರಿತವನ್ನು ಹಾಗೆಯೇ ಬಿಡುತ್ತದೆ. 'ಫೇಸನ್ನು ಮುಟ್ಟುವುದಿಲ್ಲ' ಎಂಬ ಅದರ ಹೆಗ್ಗಳಿಕೆಯೇ ಇಲ್ಲಿ ಅದರ ಕೊರತೆ. ಆದುದರಿಂದ ಯಂತ್ರದ ದೋಷವನ್ನು ತಿದ್ದುವಾಗ ಸಾಧಾರಣವಾದುದು. ಒಂದೇ ದನಿ ಹಲವು ಮೈಕುಗಳಲ್ಲಿ ಬಿದ್ದಿದ್ದು, ಒಂದನ್ನು ಮಾತ್ರ ತಿದ್ದಲೇಬೇಕಾದಾಗ ಲೀನಿಯರ್ ಫೇಸ್, ಅದೂ ಹದವಾಗಿ: ಹೀಗೆ ಕಸುಬಿನವರು ವಿಂಗಡಿಸಿಕೊಂಡಿರುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ, ಒಂದೇ ಮೈಕಿನ ದನಿಯಲ್ಲಿ ಫೇಸ್ ಸರಿದರೆ ಕಿವಿಗೆ ನಿಜವಾಗಿ ತಿಳಿಯುವುದೇ ಎಂಬ ಪ್ರಶ್ನೆ ಏಳಬೇಕು. 1843ರಲ್ಲಿ ಓಮ್ ಎಂಬಾತನು, ವಿದ್ಯುತ್ತಿನ ನಿಯಮಕ್ಕೆ ಹೆಸರಾದ ಅದೇ ಓಮ್, ಕಿವಿ ದನಿಯನ್ನು ಬಿಡಿ ಬಿಡಿ ಕಂಪನಗಳಾಗಿ ಬಿಡಿಸಿ ಕೇಳುತ್ತದೆ ಎಂದನು. 1863ರಲ್ಲಿ ಹೆಲ್ಮ್‌ಹೋಲ್ಟ್ಸ್ ಆ ಮಾತನ್ನು ಮುಂದುವರಿಸಿ, ಸ್ವರದ ಬಣ್ಣಕ್ಕೆ ಫೇಸ್ ಕಾರಣವಲ್ಲವೆಂದು ನಿಲುವು ತಾಳಿದನು. ನಮ್ಮ ಬೆಂಗಳೂರಿನಲ್ಲಿ ನೆಲೆಸಿದ್ದ ಸಿ. ವಿ. ರಾಮನ್ನರು ಮೃದಂಗದ ಮತ್ತು ತಂಬೂರಿಯ ನಾದವನ್ನು ಬಿಡಿಸಿ ನೋಡಿದ್ದು ಇಂಥ ವಿಶ್ಲೇಷಣೆಯ ದಾರಿಯಲ್ಲಿಯೇ. ಒಂದೇ ಸಮನೆ ನಿಲ್ಲುವ ಏಕತಾರಿಯ ಶ್ರುತಿಗೆ ಹೆಲ್ಮ್‌ಹೋಲ್ಟ್ಸನ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಹುಟ್ಟಿ ಮರುಕ್ಷಣವೇ ಬದಲಾಗುವ ಪೆಟ್ಟಿನ ದನಿಗೆ ಅದು ಪೂರ್ತಿಯಾಗಿ ಸಲ್ಲದೆಂದು ಅನಂತರದ ಪ್ರಯೋಗಗಳು ತೋರಿಸಿವೆ. ಏಕತಾರಿಯೂ ಕಂಸಾಳೆಯೂ ಒಂದೇ ಹಾಡಿನಲ್ಲಿ ಕೂಡುವುದರಿಂದ ಮಲೆಯ ಮೇಳದಲ್ಲಿ ಈ ಎರಡು ಪಕ್ಷಗಳಿಗೂ ಸಾಕ್ಷಿ ದೊರೆಯುತ್ತದೆ.

ಪೆಟ್ಟಿಗೆ ಮುಂಚೆ ದನಿ ಬರುವ ಇನ್ನೊಂದು ದಾರಿಯೂ ಉಂಟೆಂದು ಇಲ್ಲಿಯೇ ಹೇಳಿಬಿಡಬಹುದು. ಮೊಬೈಲುಗಳಲ್ಲಿ ಹಂಚಿಕೊಳ್ಳುವ ಹಾಡುಗಳನ್ನು ಕುಗ್ಗಿಸಿ ಕಳುಹಿಸುವ ಎಂ.ಪಿ.3 ಮೊದಲಾದ ವಿಧಾನಗಳ ಮೂಲದಲ್ಲಿರುವ ಗಣಿತದ ಮನೆತನಕ್ಕೆ ಸೇರಿದ 'ಕೊಸೈನ್ ಪರಿವರ್ತನೆ'ಯನ್ನು 1974ರಲ್ಲಿ ಪ್ರಕಟಿಸಿದ ಮೂವರಲ್ಲಿ ನಾಸಿರ್ ಅಹಮದ್ ಬೆಂಗಳೂರಿನಲ್ಲಿ ಹುಟ್ಟಿ ಇಲ್ಲಿಯೇ ಎಂಜಿನಿಯರಿಂಗ್ ಓದಿದವರು. ಈ ವಿಧಾನಗಳು ದನಿಯನ್ನು ತುಂಡುತುಂಡಾಗಿ ಕುಗ್ಗಿಸುವುದರಿಂದ, ತುಂಡಿನ ನಡುವೆ ಪೆಟ್ಟು ಬಿದ್ದರೆ ಅದರ ಕೊಳೆ ತುಂಡಿನ ಮೊದಲಿಗೂ ಹರಡುತ್ತದೆ. ಸ್ಪೇನ್ ದೇಶದ ಕುಣಿತಗಳಲ್ಲಿ ಬಳಸುವ ಕ್ಯಾಸ್ಟನೆಟ್ ಎಂಬ ಚಿಟಿಕೆಯ ವಾದ್ಯವನ್ನು ಈ ದೋಷದ ಪರೀಕ್ಷೆಗೆ ತಜ್ಞರು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ನಮ್ಮ ಕಂಸಾಳೆಯೂ ಆ ಪರೀಕ್ಷೆಗೆ ಕುಳಿತರೆ ಸೋಲುವ ವಾದ್ಯವಲ್ಲ. ಕುಗ್ಗಿಸಿದ ಹಾಡನ್ನು ತಂದು ಅದರ ಮೇಲೆ ಈಕ್ವಲೈಸರ್ ಓಡಿಸುವವರು ಎರಡು ಬಗೆಯ ಮುನ್‌ದನಿಗಳನ್ನು ಕೂಡಿಸುತ್ತಿರುತ್ತಾರೆ.

ಟ್ರಂಕಿನೊಳಗಿನ ಕ್ಯಾಸೆಟ್ಟುಗಳು

ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ಅವಸರದ ವಿಷಯ ಹಳೆಯ ಕ್ಯಾಸೆಟ್ಟುಗಳದು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ ನಮ್ಮ ಹಳ್ಳಿಗಳಿಗೆ ಬಂದ ಮೇಲೆ, ವಿದ್ವಾಂಸರು ಹೋಗದ ಜಗಲಿಗಳಲ್ಲಿಯೂ ಹಾಡುಗಳು ದಾಖಲಾದವು. ಅಜ್ಜನೊಬ್ಬ ಹಾಡಿದ್ದನ್ನು ಮೊಮ್ಮಗ ಹಿಡಿದಿಟ್ಟ ಟೇಪುಗಳು ಎಷ್ಟೋ ಮನೆಗಳ ಟ್ರಂಕುಗಳಲ್ಲಿರಬಹುದು. ಅವನ್ನು ಈಗ ಗಣಕಕ್ಕೆ ಏರಿಸುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ತಾಳದ ದನಿ ಮಂಕಾಗಿದೆ, ಟ್ರೆಬಲ್ ಏರಿಸೋಣ.' ಏರಿಸಿದರೆ ತಾಳದೊಡನೆ ಟೇಪಿನ ಸರಸರ ಸದ್ದೂ ಏರುತ್ತದೆ. ಆಮೇಲೆ ಆ ಸದ್ದನ್ನು ತೆಗೆಯಲು ಇನ್ನೊಂದು ಶೋಧಕ.

ಮಂಕಿಗೆ ಕಾರಣ ಅನೇಕ ವೇಳೆ ದನಿಯ ಕೊರತೆಯಲ್ಲ, ಫೇಸ್. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ಸುಮಾರು 4.76 ಸೆಂಟಿಮೀಟರು ಓಡುತ್ತದೆ. ಸೆಕೆಂಡಿಗೆ 10,000 ಕಂಪನಗಳ ಒಂದು ದನಿ ಈ ಟೇಪಿನ ಮೇಲೆ ಆಕ್ರಮಿಸುವ ಉದ್ದ 4.76 ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗಕ್ಕಿಂತಲೂ ಕಡಮೆ. ಟೇಪನ್ನು ಓದುವ ಹೆಡ್ಡು ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಕಡಮೆ ಓರೆಯಾಗಿ, ಎರಡು ಪಥಗಳ ನಡುವೆ 2.4 ಮೈಕ್ರಾನಿನ ವ್ಯತ್ಯಾಸ ಬಂದರೂ ಸಾಕು, ಆ ಕಂಪನ ಎರಡು ಪಥಗಳಲ್ಲಿ ಎದುರುಬದುರಾಗುತ್ತದೆ, ಕೂಡಿಸಿದಾಗ ಇಲ್ಲವಾಗುತ್ತದೆ. ಗಾಯಕನ ದನಿ ನೆಟ್ಟಗಿರುತ್ತದೆ, ಏಕೆಂದರೆ ಮಂದ್ರದ ಅಲೆಗಳು ಟೇಪಿನ ಮೇಲೆ ಉದ್ದವಾಗಿರುತ್ತವೆ. ಮಾಯವಾಗುವುದು ಕಂಸಾಳೆಯೊಂದೇ. ಹೀಗೆ ಇಲ್ಲವಾದುದನ್ನು ಯಾವ ಈಕ್ವಲೈಸರೂ ಮರಳಿ ತರಲಾರದು. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಆ ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಕ್ಯಾಸೆಟ್ಟನ್ನು ಓಡಿಸುತ್ತ, ಎರಡು ಪಥಗಳನ್ನೂ ಕೂಡಿಸಿ ಕೇಳುತ್ತ, ಆ ತಿರುಪನ್ನು ಸೂಕ್ಷ್ಮವಾಗಿ ಹೊರಳಿಸಿದರೆ ಒಂದು ಹಂತದಲ್ಲಿ ಪರದೆ ಸರಿದಂತೆ ತಾಳದ ದನಿ ಹೊರಬರುತ್ತದೆ. ಬಲ್ಲ ರಿಪೇರಿಯವರಿಂದಲೇ ಇದನ್ನು ಮಾಡಿಸುವುದು ಲೇಸು. ಮತ್ತು ಒಂದು ಕ್ಯಾಸೆಟ್ಟಿಗೆ ಸರಿಯಾದದ್ದು ಬೇರೆ ಯಂತ್ರದಲ್ಲಿ ಮುದ್ರಿಸಿದ ಇನ್ನೊಂದಕ್ಕೆ ಸರಿಯಾಗಬೇಕೆಂದಿಲ್ಲವಾದುದರಿಂದ ಪ್ರತಿಯೊಂದಕ್ಕೂ ಹೊಸದಾಗಿ ನೋಡಬೇಕು. ಇದು ಗಣಕಕ್ಕೆ ಏರಿಸುವ ಮುನ್ನ ಆಗಬೇಕಾದ ಕೆಲಸ. ಏರಿಸುವಾಗಲೂ ಎರಡು ಪಥಗಳನ್ನು ಕೂಡಿಸದೆ ಬೇರೆ ಬೇರೆಯಾಗಿಯೇ ಏರಿಸಿದರೆ, ಅಳಿದುಳಿದ ವ್ಯತ್ಯಾಸವನ್ನು ಮುಂದೆ ಯಾರಾದರೂ ಹೊಂದಿಸಿಯಾರು.

ಈಕ್ವಲೈಸರಿನ ಸರದಿ ಆಮೇಲಿನದು. ಆಗಲೂ, ಏರಿಸುವುದಕ್ಕಿಂತ ತಗ್ಗಿಸುವುದನ್ನು ಮೊದಲು ಯೋಚಿಸುವುದು, ಕಡಿದಾದುದಕ್ಕಿಂತ ಹದವಾದ ಇಳಿಜಾರನ್ನು ಆರಿಸುವುದು, ಹೆಜ್ಜೆ ಹೆಜ್ಜೆಗೂ ಎರಡು ಪಥಗಳನ್ನು ಕೂಡಿಸಿ ಒಂದೇ ಸ್ಪೀಕರಿನಲ್ಲಿ ಕೇಳಿ ಮಂದ್ರವೋ ತಾಳವೋ ಸೊರಗಿತೇ ಎಂದು ಪರೀಕ್ಷಿಸುವುದು, ಇವು ಅನುಭವಸ್ಥರ ರೂಢಿ. ಗಣಕದ ತೆರೆಯ ಮೇಲೆ ಕಂಸಾಳೆಯ ಒಂದು ಪೆಟ್ಟನ್ನು ದೊಡ್ಡದು ಮಾಡಿ ನೋಡುವುದೂ ಒಳ್ಳೆಯದು. ಮೂಲದಲ್ಲಿ ಸಪಾಟಾದ ಗೆರೆಯಿಂದ ನೇರವಾಗಿ ಮೇಲೇಳುವ ಗೋಡೆ, ತಿದ್ದಿದ ಮೇಲೆ ಸಣ್ಣ ಸಣ್ಣ ಅಲೆಗಳ ಮೆಟ್ಟಿಲುಗಳಿಂದ ಏರುತ್ತಿದ್ದರೆ ಶೋಧಕವನ್ನು ಬದಲಿಸುವ ಸಮಯ ಬಂತೆಂದು ತಿಳಿಯಬಹುದು.

ಕೇಳುಗರಿಗಾಗಿ ತಿದ್ದಿದ ಪ್ರತಿಯನ್ನು ಮಾಡುವುದಕ್ಕೆ ಯಾರ ಆಕ್ಷೇಪಣೆಯೂ ಇರಲಾರದು. ಗಾಳಿಯ ಮೊರೆತದ ನಡುವೆ ಕಾವ್ಯವನ್ನು ಕೇಳಿ ಎಂದು ಯಾರನ್ನೂ ಬಲವಂತ ಮಾಡುವಂತಿಲ್ಲ. ಆದರೆ ಹಸ್ತಪ್ರತಿಶಾಸ್ತ್ರದ ಪಾಠ ಓದಿದ ನನಗೆ ಓಲೆಗರಿಯ ಲಿಪಿಕಾರರ ನೆನಪಾಗುತ್ತದೆ. ಮೂಲದಲ್ಲಿ ಅರ್ಥವಾಗದ ಪದವನ್ನು ಸದುದ್ದೇಶದಿಂದ ತಿದ್ದಿ ಬರೆದವನಿಂದ ಆದ ತೊಂದರೆ, ತಪ್ಪನ್ನೇ ತಪ್ಪಾಗಿ ನಕಲು ಮಾಡಿದವನಿಂದ ಆಗಿಲ್ಲ. ಎರಡನೆಯವನ ಪ್ರತಿಯಿಂದ ಶುದ್ಧಪಾಠವನ್ನು ಊಹಿಸಬಹುದು. ಆದುದರಿಂದ ಕ್ಯಾಸೆಟ್ಟಿನಿಂದ ಇಳಿಸಿದ ಮೊದಲ ಪ್ರತಿಯನ್ನು, ಕುಗ್ಗಿಸದೆ, ಶೋಧಿಸದೆ, ಬೇರೊಂದು ಕಡೆ ಇಟ್ಟಿರಬೇಕು. ತಿದ್ದಿದ ಪ್ರತಿಯ ಜೊತೆಗೆ ಒಂದು ಚೀಟಿ ಇರಲಿ: ಯಾವ ಊರು, ಯಾವ ವರ್ಷ, ಹಾಡಿದವರು ಯಾರು, ಎಷ್ಟು ಮೈಕುಗಳು, ಅವುಗಳ ನಡುವೆ ಎಷ್ಟು ದೂರ, ಯಾವ ಕಂಪನದಲ್ಲಿ ಯಾವ ಬಗೆಯ ಶೋಧಕ ಹಾಕಿತು, ಅದು ಸಾಧಾರಣದ್ದೋ ಲೀನಿಯರ್ ಫೇಸಿನದೋ. ಹಾಡಿದವರ ಹೆಸರನ್ನು ಮಾತ್ರ ಮೊದಲು ಬರೆಯಬೇಕು. ಟ್ರಂಕುಗಳಲ್ಲಿರುವ ಅನೇಕ ಕ್ಯಾಸೆಟ್ಟುಗಳ ಮೇಲೆ 'ಮಾದಪ್ಪನ ಪದ' ಎಂಬುದಲ್ಲದೆ ಬೇರೇನನ್ನೂ ಬರೆದಿರುವುದಿಲ್ಲ. ಮನೆಯ ಹಿರಿಯರು ಕುಳಿತು ಕೇಳಿ 'ಇದು ಇಂಥವರ ದನಿ' ಎಂದು ಗುರುತು ಹೇಳಬಲ್ಲವರಾಗಿರುವಾಗಲೇ ಆ ಕೆಲಸ ಆಗತಕ್ಕದ್ದು.